ವಿಯೆನ್ನಾ ಕಟ್ಟಿಯಲ್ಲಿ ಮೂರನೇ ಒತ್ತಾಯ

ನಮ್ಮ ಕಡೆ ‘ಸಾಕು’ ಎನ್ನುವ ಮಾತನ್ನು ಮೊದಲ ಸಲಕ್ಕೇ ಯಾರೂ ನಂಬುವುದಿಲ್ಲ. ಊಟಕ್ಕೆ ಕೂತವನು ಸಾಕು ಅನ್ನಬೇಕು, ಬಡಿಸುವವಳು ಇನ್ನೊಂದು ಅನ್ನಬೇಕು. ಅವನು ಖರೇನ ಸಾಕು ಅನ್ನಬೇಕು, ಇವಳು ನನ್ನಾಣಿ ಅನ್ನಬೇಕು. ಅವನು ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿಯಬೇಕು, ಇವಳು ಬೆರಳ ಸಂದಿಯಿಂದ ಹೋಳಿಗೆ ಇಳಿಬಿಡಬೇಕು. ಇಷ್ಟಾದರೆ ಊಟ ಮರ್ಯಾದೆಯಿಂದ ಆಯಿತು ಅಂತ. ಬಾಗಲಕೋಟೆಯಲ್ಲಿ ಹುಟ್ಟಿದ ಕೂಸಿಗೂ ಇದು ಗೊತ್ತು. ಗೊತ್ತಿದ್ದೂ ನನ್ನ ಅಜ್ಜಿ ಪ್ರೇಮಾಬಾಯಿ ಒಂದೇ ಒಂದು ಸಲ ತಪ್ಪಿದಳು. ಅದು ಬಂದು ನನ್ನ ಮದುವೆಯ ಕೊರಳಿಗೆ ಸುತ್ತಿಕೊಂಡಿತು.

ನಾನು ಹುಟ್ಟುವುದಕ್ಕೂ ಮೊದಲಿನ ಮಾತು. ತುಳಸಿಗೇರಿಯ ಹನುಮಪ್ಪನ ಗುಡಿಯಲ್ಲಿ ಯಾರದೋ ಮದುವೆ. ಅಜ್ಜಿ ಹೋಳಿಗೆಯ ಬುಟ್ಟಿ ಹಿಡಿದು ಪಂಕ್ತಿಯ ತುಂಬ ಓಡಾಡುತ್ತಿದ್ದಳು. ಬಾದಾಮಿಯ ಪಂಢರೀನಾಥ ಮಾಸ್ತರು, ಆಗಿನ್ನೂ ಹೊಸ ಮಾಸ್ತರು, ಒಂದು ಹೋಳಿಗೆ ಮುಗಿಸಿ ಪದ್ಧತಿಯಂತೆ "ಸಾಕ್ರಿ" ಎಂದರು. ಅಜ್ಜಿ "ಹೌದೇನು?" ಎಂದು ಮುಂದಿನ ಎಲೆಗೆ ಹೋಗಿಬಿಟ್ಟಳು. ಮಾಸ್ತರು ಎಲೆಯ ಮೇಲಿನ ಅನ್ನ ಎಲೆಯ ಮೇಲೇ ಬಿಟ್ಟು ಎದ್ದು ಹೋದರು. ಅವತ್ತಿನಿಂದ ಅವರ ಮನೆಯ ನೀರು ಇವಳು ಮುಟ್ಟುವುದಿಲ್ಲ, ಇವಳ ಮನೆಯ ನೀರು ಅವರು ಮುಟ್ಟುವುದಿಲ್ಲ.

"ಸಾಕು ಅಂದ್ರ ಸಾಕು. ನಾ ಏನ್ ಮಂದಿ ಹೊಟ್ಟ್ಯಾಗ ಇಳದು ನೋಡ್ಲ್ಯಾ?" ಎಂದು ಅಜ್ಜಿ ಇವತ್ತಿಗೂ ವಾದ ಮಾಡುತ್ತಾಳೆ. ತಪ್ಪು ತನ್ನದು ಅಂತ ಅವಳಿಗೆ ಗೊತ್ತು. ಗೊತ್ತಿರುವುದರಿಂದಲೇ ಹಠ ಜಾಸ್ತಿ.

ಇಷ್ಟೆಲ್ಲ ನಡೆದ ಮೇಲೆ ನಾನು ಮನಸ್ಸು ಕೊಡುವುದಾದರೂ ಯಾರಿಗೆ ಕೊಡಬೇಕು? ಅದೇ ಮಾಸ್ತರ ಮಗನಿಗೆ! ಹೆಸರು ಕೌಶಿಕ, ಬಾದಾಮಿಯ ಕಾಲೇಜಿನಲ್ಲಿ ಗಣಿತ ಕಲಿಸುತ್ತಾನೆ. ನಾನು ಬ್ಯಾಂಕಿನವಳು. ಚುನಾವಣೆಯ ಡ್ಯೂಟಿಗೆ ಅಂತ ಇಬ್ಬರನ್ನೂ ರಾಮಥಾಳದ ಒಂದೇ ಮತಗಟ್ಟೆಗೆ ಹಾಕಿದ್ದರು. ಮಂದಿ ಬೆರಳಿಗೆ ಶಾಯಿ ಹಚ್ಚಿಸಿಕೊಂಡು ಹೋಗುತ್ತಿದ್ದರು, ನಾವಿಬ್ಬರು ಮಾತಾಡುತ್ತಿದ್ದೆವು. ಸಂಜೆ ಪೆಟ್ಟಿಗೆಗೆ ಮೊಹರು ಬೀಳುವ ಹೊತ್ತಿಗೆ ನನ್ನ ನಿರ್ಧಾರಕ್ಕೂ ಮೊಹರು ಬಿದ್ದಿತ್ತು. ಅವನು ಬಿಟ್ಟರೆ ಬೇರೆ ಯಾರೂ ಬೇಡ ಎಂದು ನಾನು ಮನೆಯಲ್ಲಿ ನೇರವಾಗಿಯೇ ಹೇಳಿದೆ.

ಆದರೆ ನಮ್ಮಲ್ಲಿ ಹುಡುಗ ಹುಡುಗಿ ಒಪ್ಪಿದರೆ ಸಾಲದು. ಎರಡೂ ಮನೆಯ ಹಿರಿಯರು ಒಟ್ಟಿಗೆ ಕೂತು ಬಾಯಿ ಸಿಹಿ ಮಾಡಿಕೊಂಡರೆ ಮಾತ್ರ ಸಂಬಂಧ ಗಟ್ಟಿ. ಚಹಾ ಕುಡಿದದ್ದು, ಚೂಡಾ ತಿಂದದ್ದು ಯಾವುದೂ ಲೆಕ್ಕಕ್ಕಿಲ್ಲ. ಸಿಹಿ ಮುಟ್ಟದೆ ಎದ್ದರೆ ಕಥೆ ಮುಗಿಯಿತು. ಒಬ್ಬರ ಮನೆಯ ನೀರನ್ನೇ ಒಬ್ಬರು ಮುಟ್ಟದವರಿಗೆ ಸಿಹಿ ತಿನ್ನಿಸುವುದು ಎಲ್ಲಿ? ಗುಡಿಯಲ್ಲಿ ಅಂದರೆ ತುಳಸಿಗೇರಿ ನೆನಪಾಗುತ್ತದೆ ಎಂದು ಇಬ್ಬರೂ ಒಲ್ಲೆ ಅಂದರು.

ದಾರಿ ಹುಡುಕಿದವನು ಕೌಶಿಕ. ನಮ್ಮ ಬಾಗಲಕೋಟೆಯ ನವನಗರದಲ್ಲಿ ಹುನಗುಂದದ ಅನಿಲಕುಮಾರ ಎಂಬವನು ಹೊಸ ಹೊಟೆಲ್ಲು ತೆಗೆದಿದ್ದ. ಆಸ್ಟ್ರಿಯಾ ದೇಶದ ವಿಯೆನ್ನಾ ಪಟ್ಟಣದಲ್ಲಿ ಬಹಳ ವರ್ಷ ಅಡಿಗೆ ಮಾಡಿ ಬಂದವನು. ಅಲ್ಲಿ ಓಣಿಗೊಂದು ಸಣ್ಣ ಹೊಟೆಲ್ಲು ಇರುತ್ತದಂತೆ, ಓಣಿಯವರೆಲ್ಲ ಬಂದು ಕಾಫಿ ಹಿಡಿದು ತಾಸುಗಟ್ಟಲೆ ಹರಟೆ ಹೊಡೆಯುತ್ತಾರಂತೆ. "ಅಂದ್ರ ನಮ್ಮ ಹರಟಿ ಕಟ್ಟಿನ ಆತಲ್ರಿ" ಎಂದು ಅವನು ‘ವಿಯೆನ್ನಾ ಕಟ್ಟಿ’ ಎಂದೇ ಬೋರ್ಡು ಬರೆಸಿದ. ಮೊಟ್ಟೆ ಮಾಂಸ ಇದ್ದರೆ ನಮ್ಮ ಓಣಿಯವರು ಕಾಲಿಡುವುದಿಲ್ಲ ಎಂದು ಕೆಳಗೆ ‘ಶುದ್ಧ ಶಾಕಾಹಾರಿ’ ಎಂದು ಅದಕ್ಕಿಂತ ದೊಡ್ಡದಾಗಿ ಬರೆಸಿದ.

"ಅಲ್ಲ್ಯಾಕ ಹೋಗಬೇಕು?" ಎಂದು ಮಾಸ್ತರು ಮಗನನ್ನು ಕೇಳಿದರಂತೆ. ಅವರು ರಿಟೈರ್ಡ್ ಹೆಡ್‌ಮಾಸ್ತರು, ಇತಿಹಾಸ ಕಲಿಸಿದವರು.

"ಅಪ್ಪಾ, ಆಸ್ಟ್ರಿಯಾ ಎಂಥಾ ರಾಷ್ಟ್ರ?"

"ತಟಸ್ಥ ರಾಷ್ಟ್ರ. ಯಾರ ಕಡೆನೂ ಇಲ್ಲ."

"ಅದಕ್ಕ ಅಲ್ಲಿ."

ಮಾಸ್ತರು ಒಪ್ಪಿದರು. ಅಜ್ಜಿಯೂ ಒಪ್ಪಿದಳು, ಆದರೆ ಹೊರಡುವ ಮೊದಲೇ ಸಾರಿದಳು: "ಊಟಾ ಮಾಡ್ತೇನಿ. ಸಿಹಿ ಮುಟ್ಟಂಗಿಲ್ಲ." ಮಾಸ್ತರದೂ ಅದೇ ಮಾತು ಎಂದು ಕೌಶಿಕ ಮೆಸೇಜು ಹಾಕಿದ. ಹಾಗಾದರೆ ಹೋಗುವುದು ಯಾಕೆ ಅಂತ ಕೇಳಬೇಡಿ. ನಮ್ಮ ಮಂದಿ ಹಾಗೇ.

ತುಳಸಿ ಲಗ್ನ ಮುಗಿದ ಮೊದಲ ಭಾನುವಾರ. ನಮ್ಮ ಅಪ್ಪ ಶಿರೀಷ, ಅಜ್ಜಿಯ ಒಬ್ಬನೇ ಮಗ, ಆ ದಿನ ಇಳಕಲ್ಲಿನಲ್ಲಿ ಅರ್ಜೆಂಟ್ ಕೆಲಸ ಅದ ಎಂದು ಬೆಳಿಗ್ಗೆಯೇ ತಪ್ಪಿಸಿಕೊಂಡಿದ್ದ. ಉಳಿದವರು ಅಜ್ಜಿ, ಅವ್ವ ರಂಜನಾ ಮತ್ತು ನಾನು. ಬಾಗಿಲು ದಾಟುವಾಗ ಅಜ್ಜಿ ಗಕ್ಕನೆ ನಿಂತಳು. ಒಳ್ಳೆಯ ಕೆಲಸಕ್ಕೆ ಮೂವರು ಹೋಗಬಾರದು, ಹೋದರೆ ಕೆಲಸ ಕೆಡುತ್ತದೆ. ದೇವರ ಮುಂದಿನ ಒಂದು ಇಡೀ ಅಡಿಕೆಯನ್ನು ಎತ್ತಿ ಚೀಲಕ್ಕೆ ಹಾಕಿಕೊಂಡು, "ಇದು ನಾಲ್ಕನೇದು. ಹೋಗೋಣು ನಡೀರಿ" ಎಂದಳು. ಸಂಬಂಧ ಬೇಡ ಎನ್ನುವವಳು ಅದು ಕೆಡಬಾರದು ಎಂದು ಅಡಿಕೆ ತರುತ್ತಾಳೆ! ನನಗೆ ಅಲ್ಲಿಂದಲೇ ಸ್ವಲ್ಪ ಧೈರ್ಯ ಬಂತು.

ವಿಯೆನ್ನಾ ಕಟ್ಟಿಯಲ್ಲಿ ಮೇಜಿಗೆಲ್ಲ ಗುಳೇದಗುಡ್ಡದ ಖಣ ಹಾಸಿದ್ದರು. "ಕುಬಸದ ಬಟ್ಟಿ ಮ್ಯಾಲ ಊಟಾ?" ಎಂದು ಅವ್ವ ಮೊದಲೇ ಮುಖ ಕಿವುಚಿದಳು. ಮಾಸ್ತರು ಮತ್ತು ಕೌಶಿಕ ಆಗಲೇ ಬಂದು ನಿಂತಿದ್ದರು. ಕೂತಿರಲಿಲ್ಲ, ಏಕೆಂದರೆ ಮಾಸ್ತರು ಪೂರ್ವ ದಿಕ್ಕು ಹುಡುಕುತ್ತಿದ್ದರು. ಪೂರ್ವಕ್ಕೆ ಮುಖ ಮಾಡದೆ ಅವರು ಉಣ್ಣುವುದಿಲ್ಲ. ಅಜ್ಜಿಯೂ ಉಣ್ಣುವುದಿಲ್ಲ. ಆ ಮೇಜಿನಲ್ಲಿ ಪೂರ್ವಕ್ಕೆ ಮುಖ ಬರುವ ಬೆಂಚು ಒಂದೇ ಒಂದು.

ಹೀಗಾಗಿ ಎದುರುಬದುರು ಕೂತು ಒಬ್ಬರನ್ನೊಬ್ಬರು ದುರುಗುಟ್ಟಿ ನೋಡಬೇಕೆಂದು ಬಂದ ಇಬ್ಬರೂ ಒಂದೇ ಬೆಂಚಿನ ಮೇಲೆ ಅಕ್ಕಪಕ್ಕ ಕೂತರು, ಹಳೇ ಫೋಟೋದಲ್ಲಿ ಗಂಡ ಹೆಂಡತಿ ಕೂತ ಹಾಗೆ. ಅಜ್ಜಿ ನಡುವೆ ತನ್ನ ಚೀಲ ಇಟ್ಟು ಗಡಿ ಹಾಕಿದಳು. ಇಬ್ಬರೂ ಎದುರಿನ ಗೋಡೆಯ ಮೇಲಿನ ಹಿಮದ ಗುಡ್ಡದ ಚಿತ್ರವನ್ನೇ ನೋಡುತ್ತ ಕೂತರು. ನಾನು, ಅವ್ವ, ಕೌಶಿಕ ಈಚೆ ಬದಿಗೆ. ಅಜ್ಜಿ ಅಡಿಕೆಯನ್ನು ತೆಗೆದು ತನ್ನ ತಾಟಿನ ಪಕ್ಕ ಇಟ್ಟಳು.

"ಇದೇನ್ರಿ ಅಮ್ಮಾರ?" ಎಂದ ಅನಿಲಕುಮಾರ.

"ನಮ್ಮ ಕಡಿ ನಾಲ್ಕನೇ ಮನುಷ್ಯಾ."

ಹೊರದೇಶದಲ್ಲಿ ಇದ್ದು ಬಂದವನು, ಅವನಿಗೆ ಏನೂ ಅನ್ನಿಸಲಿಲ್ಲ. ಅಡಿಕೆಯ ಮುಂದೆ ಕೂಡ ಒಂದು ತಾಟು, ಚಮಚೆ, ಮುಳ್ಳುಚಮಚೆ ಜೋಡಿಸಿ ಹೋದ.

ಮೊದಲು ಸೂಪು ಬಂತು. ತಿಳಿಸಾರಿನಲ್ಲಿ ಉದ್ದುದ್ದ ಕತ್ತರಿಸಿದ ದೋಸೆಯ ಚೂರುಗಳು. ವಿಯೆನ್ನಾದಲ್ಲಿ ಇದು ಭಾರಿ ಹೆಸರುವಾಸಿ ಎಂದು ಅನಿಲಕುಮಾರ ಎದೆ ಉಬ್ಬಿಸಿದ. ಅಜ್ಜಿ ಚಮಚೆಯಿಂದ ಒಂದು ಚೂರು ಎತ್ತಿ ಬೆಳಕಿಗೆ ಹಿಡಿದಳು. "ಉಳದ ದ್ವಾಸಿ ಸಾರಿನ್ಯಾಗ ಹಾಕೋದು ನಮಗೂ ಗೊತ್ತದ. ಮನೀ ಮಂದಿ ತಿಂತೀವಿ. ಬೀಗರಿಗೆ ಬಡಸೋದಿಲ್ಲ."

ಬೀಗರು! ಬಾಯಿ ಜಾರಿ ಬಂದ ಮಾತು. ಕೌಶಿಕ ಮೇಜಿನ ಕೆಳಗೆ ನನ್ನ ಕಾಲು ಎಂದುಕೊಂಡು ಒಂದು ಕಾಲು ಒತ್ತಿದ. ಒತ್ತಿದ್ದು ಅವ್ವನ ಕಾಲು ಅಂತ ಆಮೇಲೆ ಗೊತ್ತಾಯಿತು. ಅವ್ವ ಪಾಪ, ಕಾಲು ಹಿಂದೆ ತಗೊಂಡಳು.

ಆಮೇಲೆ ಶ್ನಿಟ್ಸೆಲ್. ಅಲ್ಲಿ ಮಾಂಸ ಬಡಿದು ತೆಳ್ಳಗೆ ಮಾಡಿ ಬ್ರೆಡ್ಡಿನ ಚೂರು ಹಚ್ಚಿ ಕರಿಯುತ್ತಾರಂತೆ, ಇವನು ಅದನ್ನೇ ಸುವರ್ಣಗಡ್ಡೆಯಲ್ಲಿ ಮಾಡಿದ್ದ. ತಾಟಿನ ಅಂಚು ದಾಟಿ ಹೊರಗೆ ಬಂದಿತ್ತು, ಮೇಲೊಂದು ಲಿಂಬೆ ಹೋಳು. ಮಾಸ್ತರು ಗ್ಲಾಸಿನ ನೀರು ಅಂಗೈಗೆ ಹಾಕಿಕೊಂಡು ಮಂತ್ರ ಹೇಳುತ್ತ ತಾಟಿನ ಸುತ್ತ ನೀರು ಬಿಟ್ಟರು. ಎದುರಿಗೆ ಶ್ನಿಟ್ಸೆಲ್ ಇದ್ದರೇನು, ಉಣ್ಣುವ ಮುಂಚಿನ ಪರಿಷೇಚನೆ ತಪ್ಪಿಸುವವರಲ್ಲ. ನೀರು ಖಣದ ಮೇಲೆ ಹರಿದು, ಬೆಂಚಿಗೆ ಇಳಿದು ಅಜ್ಜಿಯ ಚೀಲದ ಬುಡಕ್ಕೆ ಬಂತು. ಅಜ್ಜಿ ಚೀಲ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡಳು. ಗಡಿ ತೆರವಾಯಿತು.

ಇಬ್ಬರೂ ತಾಟು ಖಾಲಿ ಮಾಡಿದರು. ಚಲೋ ಆಗಿತ್ತು, ಸುಳ್ಳು ಯಾಕೆ ಹೇಳಲಿ. ಖಾಲಿ ಮಾಡಿ ಕೈ ಕಟ್ಟಿ ಕೂತರು. ಯಾರಾದರೂ ಬಂದು ಇನ್ನೊಂದು ಹಾಕಿಕೊಳ್ಳಿ ಅನ್ನಬೇಕು, ತಾವು ಬೇಡ ಅನ್ನಬೇಕು, ಅದಕ್ಕೆ ಕಾಯುತ್ತಿದ್ದರು. ಅನಿಲಕುಮಾರ ದುಡ್ಡಿನ ಗಲ್ಲೆಯ ಹತ್ತಿರ ಆರಾಮಾಗಿ ಪೇಪರು ಓದುತ್ತಿದ್ದ. ಕೌಶಿಕ ಎದ್ದು ಹೋಗಿ ಪಿಸುಗುಟ್ಟಿದ: "ಒಂದೀಟು ಒತ್ತಾಯ ಮಾಡ್ರಿ ಮಾರಾಯ್ರ."

"ವಿಯೆನ್ನಾದಾಗ ಗಿರಾಕಿಗೆ ತ್ರಾಸ ಕೊಡಬಾರ್ದು ಅಂತ ಐತ್ರಿ ಸರ. ಕರದ್ರ ಅಷ್ಟ ಹೋಗೋದು" ಎಂದು ಅವನು ಪುಟ ತಿರುವಿದ.

ಮಾಸ್ತರು ಹಿಮದ ಗುಡ್ಡದ ಕಡೆ ನೋಡಿ ಅಂದರು: "ಇಲ್ಲಿ ಸಾಕು ಅನ್ನಲಿಕ್ಕೂ ಆಸ್ಪದ ಇಲ್ಲ. ಆದ್ರ ಇವರು ಪರದೇಶದ ಪದ್ಧತಿಯವ್ರು. ತುಳಸಿಗೇರ್ಯಾಗ ಬಡಿಸಿದವ್ರಿಗೆ ಏನ್ ಆಗಿತ್ತು?"

ಮುಗಿಯಿತು. ಬೆಂಕಿಗೆ ತುಪ್ಪ ಬಿತ್ತು. ಅಜ್ಜಿಯೂ ಗುಡ್ಡಕ್ಕೇ ಉತ್ತರ ಕೊಟ್ಟಳು: "ಒಂದ್ ಹೋಳಗಿ ಸಲುವಾಗಿ ಎಲಿ ಬಿಟ್ಟ ಏಳವ್ರ ಮನಿಗೆ ಹುಡುಗೀನ್ನ ಹ್ಯಾಂಗ ಕೊಡೋದು? ನಾಳೆ ಉಪ್ಪು ಕಡಿಮಿ ಆತಂದ್ರ ಮನೀನ ಬಿಟ್ಟ ಹೋದಾರು."

ಮಾಸ್ತರು ಎದ್ದು ಹೋಗಲೆಂದು ತಮ್ಮ ಊರುಗೋಲು ಕೈಗೆ ತಗೊಂಡರು. ನನ್ನ ಕಣ್ಣಲ್ಲಿ ನೀರು ಬಂತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುವ ಗಾದೆ ನನ್ನ ಸಲುವಾಗಿಯೇ ಹುಟ್ಟಿದೆ ಅನ್ನಿಸಿತು. ಇವರಿಬ್ಬರನ್ನೂ ಆ ಬೆಂಚಿಗೇ ಕಟ್ಟಿಹಾಕಿ ಹೋಗೋಣವೆನ್ನುವಷ್ಟು ಸಿಟ್ಟೂ ಬಂತು. ಕೌಶಿಕ ಗಾಬರಿಯಾಗಿ ಕೂಗಿದ: "ಸಿಹಿ ತರ್ರಿ, ಲಗೂ ತರ್ರಿ!"

ಸಿಹಿ ಬಂತು.

ದೊಡ್ಡ ತಾಟಿನ ತುಂಬ ಚಿಂದಿ ಚಿಂದಿ ಮಾಡಿದ ದಪ್ಪ ದೋಸೆಯಂಥದ್ದು. ದೊಡ್ಡ ಚೂರು, ಸಣ್ಣ ಚೂರು, ಅಲ್ಲೊಂದು ದ್ರಾಕ್ಷಿ, ಇಲ್ಲೊಂದು ದ್ರಾಕ್ಷಿ. ಮೇಲೆ ಹಿಟ್ಟಿನಂಥ ಸಕ್ಕರೆ, ಪಕ್ಕದ ಬಟ್ಟಲಲ್ಲಿ ಪೇರಲ ಹಣ್ಣಿನ ಗೊಜ್ಜು. ಯಾರೋ ಅವಸರದಲ್ಲಿ ಅರ್ಧ ತಿಂದು ಎದ್ದು ಹೋದ ಹಾಗೆ ಇತ್ತು.

"ಎಂಜಲಾ!" ಎಂದಳು ಅಜ್ಜಿ.

"ಎಂಜಲಾನ!" ಎಂದರು ಮಾಸ್ತರು.

ನನಗೆ ತಿಳಿದ ಮಟ್ಟಿಗೆ ಅವರಿಬ್ಬರೂ ಒಂದೇ ಮಾತನ್ನು ಒಟ್ಟಿಗೆ ಆಡಿದ್ದು ಅದೇ ಮೊದಲು. ಅಜ್ಜಿ ಅವರ ಕಡೆ ತಿರುಗಿದಳು. "ನೋಡ್ರಿ ಮಾಸ್ತರ, ಮೊದಲ ಉಳದ ದ್ವಾಸಿ ಹಾಕ್ದಾ. ಈಗ ಮಂದಿ ಬಿಟ್ಟದ್ದು ತಂದಿಟ್ಟಾನ!"

"ನೋಡ್ಲಿಕತ್ತೇನ್ರಿ ಬಾಯಾರ. ನಮ್ಮನ್ನ ಏನಂತ ತಿಳದಾನ ಇಂವಾ?"

"ಅಲ್ರಿ, ಇದರ ಹೆಸರು ಕೈಸರ್‌ಶ್ಮಾರನ್ ಅಂತ್ರಿ," ಅನಿಲಕುಮಾರ ಕೈ ಜೋಡಿಸಿದ. "ಅಲ್ಲಿ ಚಕ್ರವರ್ತಿ ತಿಂತಿದ್ದ ಸಿಹಿ ಇದು."

"ಚಕ್ರವರ್ತೀದ ಆದ್ರೂ ಎಂಜಲಾ ಎಂಜಲಾನ!" ಎಂದು ಮಾಸ್ತರು ಕೋಲು ಕುಟ್ಟಿದರು. ಅಜ್ಜಿ ಸೆರಗು ಸಿಗಿಸಿಕೊಂಡಳು. "ನಡೀರಿ ಮಾಸ್ತರ, ಅಡಿಗೀಮನಿನ ನೋಡೋಣು." ಇಬ್ಬರೂ ಜೊತೆಯಾಗಿ ಒಳಗೆ ನುಗ್ಗಿದರು. ನಾವು ಮೂವರು ಹಿಂದೆ ಓಡಿದೆವು. ಅಡಿಕೆಯೊಂದೇ ಮೇಜು ಕಾಯುತ್ತ ಕೂತಿತ್ತು.

ಅನಿಲಕುಮಾರ ಅವರ ಎದುರಿಗೇ ಹೊಸದಾಗಿ ಮಾಡತೊಡಗಿದ. ಹಾಲು, ಮೈದಾ, ಮೊಸರು, ಚಿಟಿಕೆ ಸೋಡಾ. ಬಾಣಲೆಯಲ್ಲಿ ಬೆಣ್ಣೆ ಚುರ್ ಅಂದಿತು. ಹಿಟ್ಟು ಉಬ್ಬಿ, ಅಂಚು ಕೆಂಪಾಗಿ, ಒಳ್ಳೆಯ ವಾಸನೆ ಬಂತು. ಅಜ್ಜಿಯ ಮುಖ ಸಡಿಲವಾಯಿತು. ಅಷ್ಟರಲ್ಲಿ ಅವನು ಎರಡು ಸೌಟು ತಗೊಂಡು ಅದನ್ನು ಪರಪರ ಹರಿದುಬಿಟ್ಟ.

"ಅಯ್ಯಯ್ಯ! ಚಂದ ಆಗಿತ್ತಲ್ಲೋ! ಯಾಕ ಹರದಿ?"

"ಹರೀಬೇಕ್ರಿ ಅಮ್ಮಾರ. ಅದ ಇದರ ಗಮ್ಮತ್ತು. ಒಂದಿನ ಅಡಿಗಿಯವ ತಿರುವಿ ಹಾಕೂವಾಗ ತಪ್ಪಿ ಹರದ ಹೋತಂತ. ಅಂಜಿಕೋತ ಸಕ್ರಿ ಉದುರಿಸಿ ಹಂಗ ಒಯ್ದಿಟ್ನಂತ. ಚಕ್ರವರ್ತಿ ತಿಂದು, ಭಾಳ ಚಲೋ ಐತಿ, ಇನ್ನಷ್ಟು ತಾ ಅಂದ್ನಂತ. ಅಲ್ಲಿ ಹಂಗ ಕಥಿ ಹೇಳ್ತಾರ್ರಿ."

ಅಜ್ಜಿ ಬಾಣಲೆಗೆ ಬಗ್ಗಿ ಹರಿದ ಚೂರುಗಳನ್ನು ನೋಡಿದಳು. "ಅಂದ್ರ ತಪ್ಪು ಅಡಿಗಿಯವಂದು," ಎಂದಳು ಮೆಲ್ಲಗೆ. "ಆದ್ರೂ ಚಕ್ರವರ್ತಿ ಎಲಿ ಬಿಟ್ಟ ಏಳಲಿಲ್ಲ."

ಮಾಸ್ತರು ಕೆಮ್ಮಿದರು. ಒಲೆಯ ಶಾಖಕ್ಕೋ ಏನೋ ಅವರ ಕಿವಿ ಕೆಂಪಾಗಿದ್ದವು.

"ಕೊಡಿಲ್ಲೆ," ಎಂದು ಅಜ್ಜಿ ಅನಿಲಕುಮಾರನ ಕೈಯಿಂದ ಬಾಣಲೆ ಮತ್ತು ಸೌಟು ಕಸಿದುಕೊಂಡಳು. "ಮಾಡ್ಲಿಕ್ಕೆ ಬರ್ತದ, ಬಡಸ್ಲಿಕ್ಕೆ ಬರಂಗಿಲ್ಲ ನಿನಗ. ಎಲ್ಲಾರೂ ಕೂಡ್ರಿ ಹೋಗ್ರಿ."

ನಾವು ಕೂತೆವು. ಅಜ್ಜಿ ಬಡಿಸುತ್ತ ಬಂದಳು. ಸೌಟು ಕೈಗೆ ಬಂದರೆ ಅಜ್ಜಿಗೆ ಹೊಟೆಲ್ಲೂ ಒಂದೇ, ಮದುವೆ ಮನೆಯೂ ಒಂದೇ. ಅವ್ವನಿಗೆ ಹಾಕಿದಳು, ನನಗೆ ಹಾಕಿದಳು, ಕೌಶಿಕನಿಗೆ ಹಾಕಿದಳು. ಅಡಿಕೆಯ ತಾಟಿಗೂ ಒಂದು ಚೂರು ಬಿತ್ತು. ಆಮೇಲೆ ಮಾಸ್ತರ ತಾಟು. ಪಂಕ್ತಿಯಲ್ಲಿ ಒಬ್ಬರನ್ನು ಬಿಟ್ಟು ಬಡಿಸಿದರೆ ಪಾಪ, ಅದನ್ನು ಅಜ್ಜಿ ಸತ್ತರೂ ಮಾಡುವವಳಲ್ಲ. ಒಂದು ಚೂರು ಹಾಕಿದಳು. ಮಾಸ್ತರ ಬಾಯಿಂದ ಜನ್ಮದ ರೂಢಿಯಂತೆ ಮಾತು ಬಂದುಬಿಟ್ಟಿತು.

"ಸಾಕ್ರಿ."

ಅವ್ವ ಕಣ್ಣು ಮುಚ್ಚಿಕೊಂಡಳು. ಕೌಶಿಕನ ಚಮಚೆ ಬಾಯಿಯ ಹತ್ತಿರ ನಿಂತಿತು. ನಾನು ಅಜ್ಜಿಯ ಕೈಯನ್ನೇ ನೋಡುತ್ತಿದ್ದೆ. ಆ ಕೈ ಮುಂದೆ ಹೋದರೆ ನನ್ನ ಮದುವೆಯೂ ಹೋಯಿತು. ಮತ್ತೆ ಗಲ್ಲೆಯ ಹಿಂದೆ ಹೋಗಿ ಕೂತಿದ್ದ ಅನಿಲಕುಮಾರ ಪೇಪರು ಕೆಳಗಿಟ್ಟ.

ಅಜ್ಜಿ ಮುಂದೆ ಹೋಗಲಿಲ್ಲ.

"ಏನ್ ಸಾಕು?" ಎಂದಳು. "ಹಕ್ಕಿ ತಿಂದಂಗ ಒಂದ್ ಚೂರು. ಇನ್ನೊಂದ ಹಾಕ್ಕೋರಿ."

"ಬ್ಯಾಡ್ರಿ ಬಾಯಾರ, ಖರೇನ ಸಾಕು."

"ನನ್ನಾಣಿ ಅದ."

ಮಾಸ್ತರು ತಾಟಿನ ಮೇಲೆ ಎರಡೂ ಕೈ ಅಡ್ಡ ಹಿಡಿದರು. ಕಣ್ಣು ತುಂಬಿದ್ದವು, ಆದರೂ ಪದ್ಧತಿ ಬಿಡಲಿಲ್ಲ. ಅಜ್ಜಿ ಸೌಟು ಬಗ್ಗಿಸಿದಳು. ಬಿಸಿ ಬಿಸಿ ಚೂರುಗಳು ಬೆರಳ ಮೇಲೆಯೇ ಬಿದ್ದವು, ಸಕ್ಕರೆ ಹಾರಿ ಅವರ ಮೀಸೆಗೆ ಹತ್ತಿತು. ಮಾಸ್ತರು "ಹಾ ಹಾ" ಎನ್ನುತ್ತ ಒಂದು ಚೂರು ಬಾಯಿಗೆ ಹಾಕಿಕೊಂಡರು. ಇನ್ನೊಂದು ಹಾಕಿಕೊಂಡರು. ಆಮೇಲೆ ಬಾಣಲೆಯನ್ನು ತಾವು ಇಸಕೊಂಡು ಅಜ್ಜಿಯನ್ನು ಕೂರಿಸಿ ಬಡಿಸಿದರು. ಅಜ್ಜಿ ಸಾಕು ಅಂದಳು, ಅವರು ಬಿಡಲಿಲ್ಲ. ಬಾಣಲೆ ಖಾಲಿಯಾಯಿತು. ಇಬ್ಬರೂ ಸಿಹಿ ತಿಂದದ್ದನ್ನು ಕಣ್ಣಾರೆ ನೋಡಿದ ಮೇಲೂ ನನಗೆ ನಂಬಿಕೆ ಬರಲಿಲ್ಲ.

"ಬಾಯಿ ಸಿಹಿ ಆತು," ಎಂದರು ಮಾಸ್ತರು ಬೆರಳು ಒರೆಸಿಕೊಳ್ಳುತ್ತ. "ಇನ್ನ ಎಲಿಅಡಿಕಿ?"

"ವಿಯೆನ್ನಾದಾಗ ಎಲಿಅಡಿಕಿ ಕೊಡೋದಿಲ್ರಿ," ಎಂದ ಅನಿಲಕುಮಾರ.

ಅಜ್ಜಿ ಮೇಜಿನ ಮೇಲಿನ ಅಡಿಕೆ ಎತ್ತಿ ಸೆರಗಿನಿಂದ ಒರೆಸಿ, ಎರಡೂ ಕೈಯಲ್ಲಿ ಹಿಡಿದು ಮಾಸ್ತರಿಗೆ ಕೊಟ್ಟಳು. ಮಾಸ್ತರು ಕಣ್ಣಿಗೆ ಒತ್ತಿಕೊಂಡು ಕಿಸೆಗೆ ಹಾಕಿಕೊಂಡರು. ಅಲ್ಲಿಗೆ ಮಾತು ಗಟ್ಟಿ. ನಾನು ಅತ್ತುಬಿಟ್ಟೆ, ಕೌಶಿಕ ತನ್ನ ಕರವಸ್ತ್ರ ಕೊಟ್ಟ. ಅದರ ತುಂಬ ಸಕ್ಕರೆ.

ಹೊರಗೆ ಆಟೋ ಬಂತು. ಅಜ್ಜಿ ಒಂದು ಕಾಲು ಮೇಲಿಟ್ಟವಳು ಗಕ್ಕನೆ ನಿಂತಳು. ನಮ್ಮನ್ನು ನೋಡಿದಳು. ಅವ್ವ, ನಾನು, ತಾನು.

"ಮೂರು ಮಂದಿ ಆದಿವಲ್ಲ!"

ನಾಲ್ಕನೆಯದು ಮಾಸ್ತರ ಕಿಸೆಯಲ್ಲಿತ್ತು. ಕೊಟ್ಟದ್ದನ್ನು ಮರಳಿ ಕೇಳುವ ಹಾಗಿಲ್ಲ. ಮಾಸ್ತರು ತಕ್ಷಣ ಮಗನ ಬೆನ್ನು ತಟ್ಟಿದರು. "ಕೌಶಿಕ, ನೀ ಹತ್ತು. ಅವರನ್ನ ಮನೀತನಕ ಮುಟ್ಟಿಸಿ ಬಾ." ಕೌಶಿಕ ಎರಡನೇ ಮಾತಿಗೆ ಕಾಯದೆ ಡ್ರೈವರ್ ಪಕ್ಕ ಹತ್ತಿ ಕೂತ. ನಾಚಿಕೆ ಇಲ್ಲದವನು.

ಮಾಸ್ತರು ಕೋಲು ಊರಿಕೊಂಡು ಒಬ್ಬರೇ ರಸ್ತೆಯ ಬದಿಗೆ ನಿಂತರು.

"ನೀವ್ ಒಬ್ಬರ ಇಲ್ಲಿ ಬಿಸಲಾಗ ನಿಲ್ಲವ್ರೇನು?" ಎಂದಳು ಅಜ್ಜಿ. "ಬರ್ರಿ ನೀವೂ. ಮನೀಗೆ ಬಂದು ಒಂದ್ ವಾಟಿ ನೀರು ಕುಡದು ಹೋಗೀರಂತ."

"ಬ್ಯಾಡ್ರಿ. ಟ್ರೇನಿಗೆ ತಡಾ ಆಗ್ತದ."

ಅವ್ವ ಬೆರಳು ಮಡಿಚಿ ಲೆಕ್ಕ ಹಿಡಿದಳು, ಇದು ಒಂದು ಅಂತ.

"ಸಂಜೀಗೆ ಇನ್ನೊಂದು ಟ್ರೇನು ಅದ. ಬರ್ರಿ ಮಾಸ್ತರ" ಎಂದಳು ಅಜ್ಜಿ.

ಮಾಸ್ತರು ಮೂರನೇ ಒತ್ತಾಯಕ್ಕೆ ಕಾಯಲಿಲ್ಲ. ಆಟೋದೊಳಗೆ ಬಗ್ಗಿ, "ಸರೀರಿ ಒಂದೀಟು" ಎಂದು ಅಜ್ಜಿಯ ಪಕ್ಕ ಕೂತುಬಿಟ್ಟರು.